ಪದಚರ್ಚೆ: ಸೋರುವುದಕ್ಕೂ ಒಸರುವುದಕ್ಕೂ ಒಂದೇ ಪದ ಸಾಕೇ?

ಮಾನ್ಯರೇ,

ಹಳೆಯ ಕಾರಿನ ಎಣ್ಣೆ ಸೋರುವುದಕ್ಕೂ ಅದು ಸುಟ್ಟಾಗಿನ ವಾಸನೆಗೂ ಕನ್ನಡದಲ್ಲಿ ಯಾವ ಪದಗಳನ್ನು ಬರೆಯಬೇಕೆಂಬ ನನ್ನ ಪ್ರಶ್ನೆಗೆ ಎರಡೇ ದಿನಗಳಲ್ಲಿ ಇಷ್ಟೊಂದು ಉತ್ತರಗಳು ಬಂದುದಕ್ಕೆ ಕೃತಜ್ಞನಾಗಿದ್ದೇನೆ. ಆದರೆ ಅವುಗಳಲ್ಲಿ ಹೆಚ್ಚಿನವು ನನ್ನ ಕೆಲಸಕ್ಕೆ ಒದಗುವಂಥವಲ್ಲ. ಬಳ್ಳಾರಿಯಲ್ಲಿ ಹಳೆಯ ದುಬಾರಿ ಕಾರುಗಳನ್ನು ರಿಪೇರಿ ಮಾಡುವ ಗ್ಯಾರೇಜೊಂದಕ್ಕೆ ತಪಾಸಣೆಯ ಪಟ್ಟಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ಸೋಮವಾರ ಬೆಳಿಗ್ಗೆ ಮುದ್ರಣಕ್ಕೆ ಕೊಡಬೇಕಾಗಿದೆ. ಗಣಿಗಾರಿಕೆ ಏರುಗತಿಯಲ್ಲಿದ್ದಾಗ ಕೊಂಡು, 2011ರಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಳನ್ನು ನಿಲ್ಲಿಸಿದ ಮೇಲೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದ ಕಾರುಗಳು ಅಲ್ಲಿಗೆ ಬರುತ್ತವೆ. ಈ ಪಟ್ಟಿಯನ್ನು ಓದುವವರು ಅವುಗಳ ಇಂದಿನ ಮಾಲೀಕರು ಮತ್ತು ಕೆಲಸ ಕಲಿಯುತ್ತಿರುವ ಹುಡುಗರು.

ಎಣ್ಣೆ ಸೋರುವುದಕ್ಕೆ ನೀವು ಸೂಚಿಸಿದ ‘ತೈಲಸ್ರಾವ’ ಬೇಡ. ಸ್ರಾವ ಎಂದೊಡನೆ ನಮ್ಮವರಿಗೆ ಆಸ್ಪತ್ರೆ ನೆನಪಾಗುತ್ತದೆ. ‘ದಹನಗಂಧ’ವಂತೂ ಆಗುವುದೇ ಇಲ್ಲ, ಗಂಧವೆಂದರೆ ಕನ್ನಡದಲ್ಲಿ ತೇಯುವ ಗಂಧ, ಹಚ್ಚುವ ಗಂಧ. ಬೋನೆಟ್ಟಿನ ಕೆಳಗೆ ಎಣ್ಣೆ ಸುಡುವುದಕ್ಕೆ ಆ ಹೆಸರನ್ನಿಡುವುದು ಸರಿಯಲ್ಲ.

‘ಸೋರಿಕೆ’ ಎಂದಷ್ಟೇ ಬರೆದು ಮುಗಿಸಿ ಎಂದವರಿಗೆ ನನ್ನ ಆಕ್ಷೇಪವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಳೆದ ಶನಿವಾರ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷದ ಕಾರೊಂದನ್ನು ಲಿಫ್ಟಿಗೆ ಏರಿಸಿದ್ದರು. ಎಣ್ಣೆಯ ಹನಿ ಬೀಳುತ್ತಿದ್ದುದು ಹಿಂದೆ, ಗೇರ್‌ಬಾಕ್ಸಿನ ನೇರಕ್ಕೆ. ಮಾಲೀಕರು ಅದನ್ನು ನಂಬಿ ಬೇರೊಂದು ಕಡೆ ಗೇರ್‌ಬಾಕ್ಸಿನ ಸೀಲನ್ನೇ ಬದಲಾಯಿಸಿಕೊಂಡು ಬಂದಿದ್ದರು, ಹನಿ ನಿಂತಿರಲಿಲ್ಲ. ಮೇಸ್ತ್ರಿ ಕೆಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚಿದಾಗ ಅದರೊಳಗೆ ಒಂದು ಲೋಟದಷ್ಟು ಕಪ್ಪೆಣ್ಣೆ ನಿಂತಿತ್ತು. ಎಂಜಿನ್ನಿನ ಪಕ್ಕೆಯನ್ನು ಒರೆಸಿ, ಟಾರ್ಚು ಹಿಡಿದು ಮೇಲೆ ಮೇಲೆ ನೋಡುತ್ತ ಹೋದಾಗ, ಟ್ಯಾಪೆಟ್ ಕವರಿನ (ಎಂಜಿನ್ನಿನ ನೆತ್ತಿಯ ಮುಚ್ಚಳದ) ಅಂಚಿನಲ್ಲಿ, ವರ್ಷಗಳ ಕಾಲ ಬಿಸಿಗೆ ಬೆಂದು ಬಿರುಸಾದ, ಸಂದು ಮುಚ್ಚುವ ರಬ್ಬರ್ ಪ್ಯಾಕಿಂಗಿನ ಕೆಳಗೆ, ಹೊಸ ಗಡಿಗೆಯ ಮೈ ಬೆವರಿದಂತೆ ಎಣ್ಣೆ ತೆಳ್ಳಗೆ ಮೂಡುತ್ತಿತ್ತು. ಅಲ್ಲಿ ಹನಿಯೇ ಇರಲಿಲ್ಲ.

ಆ ಮೂಡುವಿಕೆಯೇ ಒಸರು. ಅದು ಇಳಿದು, ಹೊದಿಕೆಯಲ್ಲಿ ಹರಿದು, ಕೊನೆಗೆ ನೆಲಕ್ಕೆ ಬಿದ್ದಾಗ ಸೋರಿಕೆ. ಎಣ್ಣೆ ಹುಟ್ಟುವ ಜಾಗಕ್ಕೂ ಬೀಳುವ ಜಾಗಕ್ಕೂ ಒಂದೇ ಪದವನ್ನು ಬಳಸಿದರೆ ಹುಡುಗರು ಬೀಳುವ ಜಾಗವನ್ನೇ ಬಿಚ್ಚುತ್ತಾರೆ. ನಡುವಿನ ಹಂತಗಳಿಗೂ ನಮ್ಮಲ್ಲಿ ಪದಗಳಿವೆ: ಒರೆಸಿದ ಮೇಲೂ ಸಣ್ಣಗೆ ಹರಿಯತೊಡಗಿದರೆ ಜಿನುಗುವುದು, ಹನಿಹನಿಯಾಗಿ ಬಿದ್ದರೆ ತೊಟ್ಟಿಕ್ಕುವುದು. ಪ್ಯಾಕಿಂಗನ್ನು ಈಗಲೇ ಬದಲಿಸಬೇಕೋ ಮುಂದಿನ ಸರ್ವಿಸಿನವರೆಗೆ ಕಾಯಬಹುದೋ ಎಂಬುದು ಬಹುಮಟ್ಟಿಗೆ ಈ ಭೇದದ ಮೇಲೆಯೇ ನಿಂತಿದೆ.

‘ಸೋರು’ ಸಂಸ್ಕೃತದ ‘ಸ್ರು’ ಧಾತುವಿನಿಂದ ಬಂದಿತೆಂಬ ವಾದವನ್ನು ನಾನು ಒಪ್ಪುವುದಿಲ್ಲ. ತಮಿಳಿನ ‘ಸೋರ್’, ಮಲಯಾಳದ ‘ಚೋರು’ ಇದರ ಒಡಹುಟ್ಟುಗಳು. ಮಳೆಗಾಲದಲ್ಲಿ ಮಾಳಿಗೆ ಸೋರುವುದನ್ನು ಹೇಳಲು ನಮ್ಮ ಹಿರಿಯರು ಯಾರಿಂದಲೂ ಸಾಲ ತರಬೇಕಾಗಿರಲಿಲ್ಲ.

ಪಟ್ಟಿಯಲ್ಲಿ ಸೋರಿದ ದ್ರವದ ಬಣ್ಣವನ್ನು ಹೇಳುವ ಅಂಕಣದಲ್ಲಿ ಒಂದು ಎಚ್ಚರಿಕೆಯನ್ನು ನಾನೇ ಸೇರಿಸಿದ್ದೇನೆ. ಆಟೋಮ್ಯಾಟಿಕ್ ಗೇರಿನ ಎಣ್ಣೆ ಸಾಮಾನ್ಯವಾಗಿ ಕೆಂಪು, ಹಳೆಯ ಎಂಜಿನ್ ಎಣ್ಣೆ ಕಪ್ಪು, ಎಂಜಿನ್ನನ್ನು ತಣ್ಣಗಿಡುವ ಕೂಲೆಂಟು ಹಸಿರೋ ನೀಲಿಯೋ ಗುಲಾಬಿಯೋ ಎಂದು ಎಲ್ಲ ಪಟ್ಟಿಗಳೂ ಹೇಳುತ್ತವೆ. ಆದರೆ ಸಂಡೂರಿನ ರಸ್ತೆಯಲ್ಲಿ ಓಡಾಡುವ ಕಾರಿನ ಅಡಿಗೆ ಅದಿರಿನ ಧೂಳು ಮೆತ್ತಿಕೊಂಡಿರುವುದರಿಂದ ಅಲ್ಲಿ ಏನು ಸೋರಿದರೂ ಕೆಂಪಾಗಿಯೇ ಕಾಣುತ್ತದೆ. ಆದ್ದರಿಂದ ‘ಮೊದಲು ತೊಳೆದು, ರಾತ್ರಿ ಕೆಳಗೆ ಬಿಳಿ ರಟ್ಟು ಹಾಸಿ, ಬೆಳಿಗ್ಗೆ ನೋಡಿರಿ’ ಎಂದು ಬರೆದಿದ್ದೇನೆ. ಎ.ಸಿ.ಯಿಂದ ಬಿದ್ದ ನೀರಾದರೆ ರಟ್ಟು ಒಣಗಿದ ಮೇಲೆ ಜಿಡ್ಡು ಉಳಿಯುವುದಿಲ್ಲ.

ಇನ್ನು ವಾಸನೆಯ ಮಾತು. ಒಸರಿದ ಎಣ್ಣೆ ಕಾದ ಎಕ್ಸಾಸ್ಟಿನ (ಹೊಗೆಕೊಳವೆಯ) ಮೇಲೆ ಬಿದ್ದಾಗ ಏಳುವ ವಾಸನೆಗೆ ನಾನು ‘ಕಮರು’ ಎಂದು ಬರೆಯುತ್ತೇನೆ. ಮಿರ್ಚಿ ಕರಿಯುವ ಬಾಣಲೆಯ ಎಣ್ಣೆ ಮಿತಿಮೀರಿ ಕಾದು ಹೊಗೆಯಾಡಿದಾಗ ನಮ್ಮೂರಿನ ಹೆಂಗಸರು ‘ಕಮರು ಹೊಡೆಯುತ್ತಿದೆ’ ಎನ್ನುತ್ತಾರೆ. ಕಾರಿನಲ್ಲಿ ಆಗುವುದೂ ಅದೇ. ಇದು ತೆಲುಗು, ಬೇಡ ಎಂದು ಒಬ್ಬರು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದಾರೆ. ತೆಲುಗರು ‘ಕಮುರು ವಾಸನ’ ಎನ್ನುವುದು ನಿಜ, ಆದರೆ ಹೂವು ಕಮರಿತು, ಆಸೆ ಕಮರಿತು ಎಂದು ಕನ್ನಡಿಗರೆಲ್ಲರೂ ಹೇಳುತ್ತಿರುವಾಗ ಆ ಪದ ನೆರೆಯವರದೆನ್ನುವುದು ಹೇಗೆ? ಎರಡು ಮನೆಗಳಲ್ಲಿ ಒಂದೇ ಆಸ್ತಿ ಇದೆ, ಅಷ್ಟೇ. ಇದನ್ನು ‘ಕಮಟು’ ಎಂದು ತಿದ್ದಿದವರೂ ತಪ್ಪಿದ್ದಾರೆ. ಕಮಟು ಎಂಬುದು ಹಳಸಿದ ಎಣ್ಣೆಯ ವಾಸನೆ, ಅದಕ್ಕೆ ಬೆಂಕಿಯೇ ಬೇಕಿಲ್ಲ.

ಅಚ್ಚಗನ್ನಡದ ‘ನಾತ’ವನ್ನು ಸೂಚಿಸಿದವರು ‘ನಾರು’ ಧಾತುವಿಗೆ ಹಿಂದೆ ಸುವಾಸನೆಯ ಅರ್ಥವೂ ಇತ್ತೆಂದು ಸರಿಯಾಗಿಯೇ ಹೇಳಿದ್ದಾರೆ. ಆದರೆ ಇಂದಿನ ಓದುಗನಿಗೆ ನಾತವೆಂದರೆ ದುರ್ವಾಸನೆ ಮಾತ್ರ. ಕೂಲೆಂಟು ಬಿಸಿಯಾಗಿ ಆವಿಯಾದಾಗ ಬೆಲ್ಲದ ಪಾಕದಂತೆ ಸಿಹಿಯಾದ ವಾಸನೆ ಬರುತ್ತದೆ. ಅದನ್ನು ನಾತವೆಂದರೆ ಮಾಲೀಕ ಗುರುತಿಸದೇ ಹೋದಾನು. ಅಲ್ಲಿ ‘ಸಿಹಿ ವಾಸನೆ’ ಎಂದೇ ಇರಲಿ.

‘ಲೀಕ್’ ಎಂದು ಎಲ್ಲರೂ ಅನ್ನುತ್ತಾರೆ, ಹಾಗೆಯೇ ಬರೆಯಿರಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಗ್ಯಾಸ್ಕೆಟ್ (ಮೇಲೆ ಹೇಳಿದ ಪ್ಯಾಕಿಂಗು), ಸೀಲ್, ಕೂಲೆಂಟುಗಳನ್ನು ಹಾಗೆಯೇ ಇಟ್ಟಿದ್ದೇನೆ, ಏಕೆಂದರೆ ಅವು ವಸ್ತುವಿನ ಜೊತೆಗೇ ಬಂದ ಹೆಸರುಗಳು; ‘ಶೀತಕ’ ಎಂದು ಬರೆದರೆ ಅಂಗಡಿಯಲ್ಲಿ ಯಾರೂ ಕೊಡುವುದಿಲ್ಲ. ಒಸರುವುದು, ಜಿನುಗುವುದು ಹಾಗಲ್ಲ. ನಾಲ್ಕು ಪದಗಳಿರುವ ಕಡೆ ಒಂದು ಎರವಲು ಪದವನ್ನು ಕೂರಿಸಿದರೆ ಉಳಿದ ಮೂರು ಭೇದಗಳು ಅಳಿಯುತ್ತವೆ, ಮತ್ತು ಆ ಭೇದಗಳೇ ಈ ಪಟ್ಟಿಯ ಕೆಲಸ.

ಒಂದು ಸಾಲು ಇನ್ನೂ ಖಾಲಿ ಇದೆ. ಬ್ರೇಕಿನ ಪ್ಯಾಡು ಬಿಗಿಹಿಡಿದು ಚಕ್ರದ ಬಳಿ ಬರುವ, ಎಣ್ಣೆಯದಲ್ಲದ, ರಬ್ಬರಿನದೂ ಅಲ್ಲದ, ಗಂಟಲಿಗೆ ಹತ್ತುವ ಒಣ ವಾಸನೆಗೆ ಸದ್ಯಕ್ಕೆ ‘ಸೀದ ವಾಸನೆ’ ಎಂದು ಬರೆದುಕೊಂಡಿದ್ದೇನೆ. ಆದರೆ ಸೀಯುವುದು ತಳ ಹಿಡಿದ ಅನ್ನದ ಮಾತು, ನನಗೆ ಪೂರ್ತಿ ಒಪ್ಪಿಗೆಯಿಲ್ಲ. ರಾಯಚೂರು, ಕೊಪ್ಪಳದ ಕಡೆಯ ಲಾರಿ ಚಾಲಕರು ಘಟ್ಟ ಇಳಿಯುವಾಗ ಬರುವ ಈ ವಾಸನೆಗೆ ಏನನ್ನುತ್ತಾರೆಂದು ಬಲ್ಲವರು ದಯವಿಟ್ಟು ಭಾನುವಾರ ಸಂಜೆಯೊಳಗೆ ತಿಳಿಸಬೇಕು.