ಒಂದು ಕಡೆಯ ಶ್ವಾಸಕೋಶ ಪೂರ್ತಿ ತೆಗೆಸಿದವರು ಇದ್ದೀರಾ? ಅನುಭವ ಹೇಳಿ

ಪ್ರಶ್ನೆ (ತಿಪಟೂರಿನಿಂದ):
ಅಪ್ಪನಿಗೆ 54 ವರ್ಷ. ಎರಡು ಸಲ ಟಿಬಿ ಬಂದು ಮಾತ್ರೆ ಮುಗಿಸಿದ್ದಾರೆ. ಈಗ ಕಫದ ಪರೀಕ್ಷೆಯಲ್ಲಿ ಟಿಬಿ ಇಲ್ಲ. ಆದರೆ ಎಡಗಡೆ ಶ್ವಾಸಕೋಶ ಪೂರ್ತಿ ಹಾಳಾಗಿದೆ, ಕೆಮ್ಮಿದರೆ ರಕ್ತ ಬರುತ್ತದೆ. ಅದನ್ನು ತೆಗೆದುಬಿಡೋಣ ಅಂತಿದ್ದಾರೆ ಡಾಕ್ಟರು. ಒಂದರಲ್ಲೇ ಬದುಕಬಹುದಾ? ಅಪ್ಪ ಮತ್ತೆ ತೋಟಕ್ಕೆ ಹೋಗುವಂತಾಗುತ್ತಾರಾ? ಮನೆಯಲ್ಲಿ ಎಲ್ಲರಿಗೂ ಭಯ.

ಉತ್ತರ 1:
ನಮ್ಮ ಅಮ್ಮನಿಗೂ ಇದೇ ಕಾಯಿಲೆ, ಇದೇ ಎಡಗಡೆ. ಆಪರೇಷನ್ ಆಗಿ ಎಷ್ಟೋ ವರ್ಷ ಆಯಿತು. ಅಡುಗೆ, ಹಿತ್ತಿಲ ಕೆಲಸ ಎಲ್ಲ ಅವರೇ ಮಾಡಿಕೊಳ್ಳುತ್ತಾರೆ. ಧೈರ್ಯವಾಗಿರಿ.

ಟಿಬಿ ತಿಂದುಹಾಕಿದ ಶ್ವಾಸಕೋಶ ಹೇಗೂ ಕೆಲಸ ಮಾಡುತ್ತಿರುವುದಿಲ್ಲ. ಹಾಗಾಗಿ ಅದು ಹೋದರೆ ಉಸಿರಿಗೆ ನಾವು ಹೆದರುವಷ್ಟು ನಷ್ಟ ಆಗುವುದಿಲ್ಲ. ಅಮ್ಮನಿಗೆ ಪರ್ಫ್ಯೂಷನ್ ಸ್ಕ್ಯಾನ್ ಮಾಡಿದ್ದರು. ಯಾವ ಕಡೆಗೆ ಎಷ್ಟು ರಕ್ತ ಹರಿಯುತ್ತಿದೆ ಅಂತ ತೋರಿಸುವ ಪರೀಕ್ಷೆ ಅದು. ಪರದೆಯ ಮೇಲೆ ಬಲಗಡೆ ಮಾತ್ರ ಬಣ್ಣ ಮೂಡಿತ್ತು, ಎಡಗಡೆ ಬರೀ ಕಪ್ಪು. ಅದನ್ನು ನೋಡಿದ ಮೇಲೆಯೇ ನಮ್ಮ ಮನೆಯವರೆಲ್ಲ ಒಪ್ಪಿದ್ದು. ನೀವೂ ಡಾಕ್ಟರ ಹತ್ತಿರ ಇದನ್ನೇ ಕೇಳಿ: ಉಳಿಯುವ ಬಲಗಡೆ ಎಷ್ಟು ಚೆನ್ನಾಗಿದೆ? ಊದುವ ಪರೀಕ್ಷೆ, ಆರು ನಿಮಿಷ ನಡೆಸುವ ಪರೀಕ್ಷೆ ಮಾಡದೆ ಆಪರೇಷನ್ನಿಗೆ ದಿನ ಕೊಟ್ಟರೆ ಇನ್ನೊಬ್ಬರ ಅಭಿಪ್ರಾಯ ತೆಗೆದುಕೊಳ್ಳಿ. ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗ ಸಂಸ್ಥೆಯಲ್ಲಿ ಇಂಥ ಕಾಯಿಲೆಯವರನ್ನು ನೋಡುತ್ತಾರೆ.

ಅಪಾಯ ಇಲ್ಲವೇ ಇಲ್ಲ ಅಂತಲ್ಲ. ಟಿಬಿ ಆದ ಶ್ವಾಸಕೋಶ ಪಕ್ಕೆಯ ಗೋಡೆಗೆ ಅಂಟಿಕೊಂಡಿರುತ್ತದೆ. ಬಿಡಿಸುವಾಗ ರಕ್ತ ಜಾಸ್ತಿ ಹೋಗುತ್ತದೆ, ಆದ್ದರಿಂದ ರಕ್ತ ಕೊಡುವವರನ್ನು ಮೊದಲೇ ಹೇಳಿಟ್ಟುಕೊಳ್ಳಿ. ಖಾಲಿಯಾದ ಜಾಗದಲ್ಲಿ ಕೀವು ತುಂಬಬಹುದು. ಹೊಲಿಗೆ ಹಾಕಿ ಮುಚ್ಚಿದ ಶ್ವಾಸನಾಳ ಬಿಟ್ಟುಕೊಳ್ಳಬಹುದು. ನಾವು ಹೆಚ್ಚು ಹೆದರಿದ್ದು ಇದಕ್ಕೇ. ಮನೆಗೆ ಬಂದ ಮೇಲೂ ಜ್ವರ ಬಂದು, ಇದ್ದಕ್ಕಿದ್ದಂತೆ ನೀರಿನಂಥ ಕಫ ಬುಳಬುಳ ಅಂತ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಆಪರೇಷನ್ ಆದ ಕಡೆಗೇ ವಾಲಿಸಿಕೊಂಡು ಆಸ್ಪತ್ರೆಗೆ ಓಡಿ. ಇಲ್ಲದಿದ್ದರೆ ಆ ನೀರು ಉಳಿದಿರುವ ಒಳ್ಳೆಯ ಶ್ವಾಸಕೋಶಕ್ಕೆ ಇಳಿಯುತ್ತದೆ.

ಇನ್ನೊಂದು ಮಾತು. ಅಮ್ಮ ತುಂಬಾ ಬಡಕಲಾಗಿದ್ದರು, ಮೊದಲು ತೂಕ ಹೆಚ್ಚಿಸಿಕೊಂಡು ಬನ್ನಿ ಅಂದರು ಸರ್ಜನ್. ಮೊಟ್ಟೆ, ಬೇಳೆ, ಹಾಲು, ರಾಗಿ ಮುದ್ದೆ ಬಿಡದೆ ಕೊಟ್ಟೆವು. ಮೈಯಲ್ಲಿ ಶಕ್ತಿ ಇದ್ದರೆ ತಾನೇ ಹೊಲಿಗೆ ಮಾಯುವುದು? ಅಷ್ಟರೊಳಗೆ ರಕ್ತ ಜಾಸ್ತಿ ಬಂದರೆ, ರಕ್ತನಾಳದ ಒಳಗಿಂದಲೇ ಅದನ್ನು ಮುಚ್ಚುವ ಎಂಬೊಲೈಸೇಷನ್ ಅಂತ ಇದೆ. ಎಷ್ಟೋ ಜನರಿಗೆ ಮತ್ತೆ ರಕ್ತ ಬರುತ್ತದೆ, ಆದರೂ ಸದ್ಯಕ್ಕೆ ಜೀವ ಉಳಿಸುತ್ತದೆ.

ಉತ್ತರ 2:
ನಾನು ಎದೆ ಸರ್ಜರಿ ವಾರ್ಡಿನಲ್ಲಿ ನರ್ಸ್. ಮೊದಲ ಕೆಲವು ದಿನಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಈ ಆಪರೇಷನ್ ಆದವರಿಗೆ ನಾವು ಡ್ರಿಪ್ ತುಂಬಾ ಲೆಕ್ಕ ಹಾಕಿ ಕೊಡುತ್ತೇವೆ. "ಏನೂ ತಿಂದಿಲ್ಲ, ಒಂದು ಗ್ಲೂಕೋಸ್ ಬಾಟಲಿಯಾದರೂ ಹಾಕಿ ಸಿಸ್ಟರ್" ಅಂತ ನೆಂಟರು ಗಲಾಟೆ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಎರಡೂ ಕಡೆಗೆ ಹಂಚಿ ಹೋಗುತ್ತಿದ್ದ ರಕ್ತವೆಲ್ಲ ಈಗ ಒಂದೇ ಶ್ವಾಸಕೋಶಕ್ಕೆ ಹೋಗಬೇಕು. ನೀರಿನಂಶ ಹೆಚ್ಚಾದರೆ ಅದರೊಳಗೇ ನೀರು ತುಂಬುತ್ತದೆ, ಉಳಿಸಿಕೊಳ್ಳುವುದು ಕಷ್ಟ.

ಐವರಲ್ಲಿ ಒಬ್ಬರಿಗಾದರೂ ಹೃದಯದ ಬಡಿತ ಏರುಪೇರಾಗುತ್ತದೆ. ಔಷಧಿ ಇದೆ, ಹೆಚ್ಚಿನವರಿಗೆ ಸರಿಹೋಗುತ್ತದೆ. ಎಡಗಡೆ ಆಪರೇಷನ್ ಆದ ಕೆಲವರಿಗೆ ದನಿ ಒಡೆಯುತ್ತದೆ, ದನಿಪೆಟ್ಟಿಗೆಯ ನರ ಅಲ್ಲೇ ಹಾದುಹೋಗುವುದರಿಂದ. ಹಾಗೇನಾದರೂ ಆದರೆ ನೀರು ಕುಡಿಯುವಾಗ ಕೆಮ್ಮು ಬರುತ್ತದಾ ನೋಡಿ, ಬಂದರೆ ತಕ್ಷಣ ಹೇಳಿ.

ಮೂರು ಚೆಂಡಿನ ಪ್ಲಾಸ್ಟಿಕ್ ಸಾಧನವನ್ನು ಆಪರೇಷನ್ನಿಗೆ ಮೊದಲೇ ತಂದು ಅಭ್ಯಾಸ ಮಾಡಿಸಿ. ಊದುವುದಲ್ಲ, ಒಳಗೆ ಎಳೆಯುವುದು. ಬೀಡಿ ಸೇದುತ್ತಿದ್ದರೆ ಇವತ್ತೇ ನಿಲ್ಲಿಸಬೇಕು.

ಉತ್ತರ 3:
ನನ್ನದು ಕ್ಯಾನ್ಸರ್, ಬಲಗಡೆ ತೆಗೆದಿದ್ದಾರೆ. ಬಲಗಡೆಯದು ಸ್ವಲ್ಪ ದೊಡ್ಡದು, ಉಸಿರಾಟದಲ್ಲಿ ನೂರಕ್ಕೆ ಸುಮಾರು 55 ಭಾಗ ಅದರದೇ. ಅಪಾಯವೂ ಆ ಕಡೆಯೇ ಜಾಸ್ತಿ. ಕ್ಯಾನ್ಸರ್‌ಗೆ ಈ ಆಪರೇಷನ್ ಆದರೆ ಮೊದಲ ತಿಂಗಳಲ್ಲಿ ನೂರಕ್ಕೆ ಸುಮಾರು 5ರಿಂದ 10 ಜನ ಉಳಿಯುವುದಿಲ್ಲ ಅಂತ ನಮ್ಮ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು. ಹಾಳಾದ ಭಾಗ ಮಾತ್ರ ತೆಗೆದು ಶ್ವಾಸನಾಳವನ್ನು ಮತ್ತೆ ಜೋಡಿಸುವ ಸ್ಲೀವ್ ಆಪರೇಷನ್ ಆಗುತ್ತದಾ ಅಂತ ಕೇಳಿದ್ದೆ. ನನಗೆ ಆಗುತ್ತಿರಲಿಲ್ಲ. ಕ್ಯಾನ್ಸರ್ ಇರುವವರು ಅದನ್ನು ಕೇಳಲೇಬೇಕು.

ನನಗೆ ಧೈರ್ಯ ಕೊಟ್ಟಿದ್ದು ಒಂದು ಹಳೆಯ ಸಂಗತಿ. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಎವಾರ್ಟ್ಸ್ ಗ್ರಹಾಂ ಅನ್ನುವ ಸರ್ಜನ್, ಜೇಮ್ಸ್ ಗಿಲ್ಮೋರ್ ಅನ್ನುವ ಡಾಕ್ಟರಿಗೆ ಕ್ಯಾನ್ಸರ್ ಆಗಿದ್ದ ಎಡ ಶ್ವಾಸಕೋಶವನ್ನು ಪೂರ್ತಿ ತೆಗೆದರು. ಆಗಿನ್ನೂ ಪೆನಿಸಿಲಿನ್ ಕೂಡ ಬಳಕೆಗೆ ಬಂದಿರಲಿಲ್ಲ. ಗಿಲ್ಮೋರ್ ಆಮೇಲೆ ಸುಮಾರು 30 ವರ್ಷ ಬದುಕಿದರು.

ಈಗ ಸಮತಟ್ಟಿನಲ್ಲಿ ಆರಾಮಾಗಿ ನಡೆಯುತ್ತೇನೆ. ಮೆಟ್ಟಿಲು ಹತ್ತುವಾಗ ಮಧ್ಯೆ ನಿಲ್ಲುತ್ತೇನೆ. ಹತ್ತುತ್ತಾ ಮಾತಾಡಲು ಆಗುವುದಿಲ್ಲ.

ಒಂದನ್ನು ಮಾತ್ರ ಮರೆಯಬೇಡಿ. ತೆಗೆದ ಜಾಗದಲ್ಲಿ ದಿನ ಕಳೆದಂತೆ ನೀರು ತುಂಬಿಕೊಳ್ಳುತ್ತದೆ, ಹೃದಯವೂ ಆ ಕಡೆಗೆ ಸರಿಯುತ್ತದೆ. ಅದು ಸಹಜ. ಆದರೆ ಎಕ್ಸ್‌ರೇಯಲ್ಲಿ ಆ ಕಡೆ ಪೂರ್ತಿ ಬೆಳ್ಳಗೆ ಕಾಣುತ್ತದೆ. ಒಮ್ಮೆ ಬೇರೆ ಊರಿನಲ್ಲಿ ಜ್ವರಕ್ಕೆ ತೋರಿಸಲು ಹೋದಾಗ, ಎಕ್ಸ್‌ರೇ ನೋಡಿದ ಡಾಕ್ಟರು ನೀರು ತೆಗೆಯಬೇಕು ಅಂತ ಸೂಜಿ ಸಿದ್ಧ ಮಾಡಿಸಿದ್ದರು. ಡಿಸ್ಚಾರ್ಜ್ ಸಮರಿ ಕೈಗೆ ಕೊಟ್ಟ ಮೇಲೆ ನಿಲ್ಲಿಸಿದರು. ಸೂಜಿ ಚುಚ್ಚಿದ್ದರೆ ಸೋಂಕು ಒಳಗೆ ಹೋಗುವ ಅಪಾಯ ಇತ್ತು. ಆ ಕಾಗದದ ಫೋಟೊ ಅಪ್ಪನ ಮೊಬೈಲಿನಲ್ಲೂ ಇರಲಿ, ನಿಮ್ಮದರಲ್ಲೂ ಇರಲಿ.

ತೋಟದ ವಿಷಯ ಕೇಳಿದಿರಲ್ವಾ? ಉಳಿದ ಕಡೆ ಚೆನ್ನಾಗಿದ್ದರೆ ಕೆಲವು ತಿಂಗಳಲ್ಲಿ ಹೋಗಿ ಓಡಾಡಿಕೊಂಡು ಬರಬಹುದು. ಗೊಬ್ಬರದ ಮೂಟೆ ಹೊರುವುದು, ಔಷಧಿ ಹೊಡೆಯುವುದು, ಗರಿ ಸುಡುವ ಹೊಗೆಯಲ್ಲಿ ನಿಲ್ಲುವುದು ಬೇಡ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಯಾವಾಗ ಹಾಕಿಸಬೇಕು ಅಂತ ಡಾಕ್ಟರನ್ನು ಕೇಳಿ. ಅಪ್ಪನ ಪರೀಕ್ಷೆಗಳಲ್ಲಿ ಏನು ಬಂತು ಅಂತ ಇಲ್ಲೇ ಬರೆಯಿರಿ, ನಾವೆಲ್ಲ ನೋಡುತ್ತಿರುತ್ತೇವೆ.