ಹಣ ಕೊಟ್ಟರೆ ಜನನ ದರ ಏರುತ್ತದಾ?

ದೀಪಸ್ತಂಭ: ದಕ್ಷಿಣ ಕೊರಿಯಾದ ಫಲವತ್ತತೆ ದರ (ಒಬ್ಬ ಹೆಂಗಸು ಜೀವಮಾನದಲ್ಲಿ ಸರಾಸರಿ ಹೆರುವ ಮಕ್ಕಳ ಸಂಖ್ಯೆ) 2023ರಲ್ಲಿ 0.72ಕ್ಕೆ ಇಳಿಯಿತು. ಇದೇ ದರ ಉಳಿದರೆ ನೂರು ಹೆಂಗಸರಿಗೆ ಬರೀ 72 ಮಕ್ಕಳು. ಮಗು ಹುಟ್ಟಿದರೆ ಅಲ್ಲಿನ ಸರ್ಕಾರ ಹಣ ಕೊಡುತ್ತದೆ. ಅದೇ ಸರಿಯಾದ ದಾರಿ. ಇಲ್ಲದಿದ್ದರೆ ನಾಳೆ ವಯಸ್ಸಾದವರನ್ನು ಯಾರು ನೋಡಿಕೊಳ್ಳುತ್ತಾರೆ?

ಬೆಳ್ಳಿಗೆರೆ: "ಸರಿಯಾದ ದಾರಿ" ಅಂತೀರಲ್ಲ, ಹಂಗೇರಿ ನೋಡಿ. ನಾಲ್ಕು ಮಕ್ಕಳ ತಾಯಿಗೆ 2020ರಿಂದ ಆದಾಯ ತೆರಿಗೆಯೇ ಇಲ್ಲ. ದರ 1.6ರ ಹತ್ತಿರ ಹೋಗಿ, 2024ಕ್ಕೆ ಮತ್ತೆ 1.4ರ ಹತ್ತಿರ ಬಂತು. ಜನಸಂಖ್ಯೆ ಕುಗ್ಗದಿರಲು ಬೇಕಾದದ್ದು 2.

ಲೆಕ್ಕಿಗ: 2 ಅಲ್ಲ, 2.1.

ಬೆಳ್ಳಿಗೆರೆ: ಅಪ್ಪ ಅಮ್ಮ ಇಬ್ಬರು, ಅವರ ಜಾಗಕ್ಕೆ ಇಬ್ಬರು. ಆ ಪಾಯಿಂಟ್ ಒಂದು ಎಲ್ಲಿಂದ ಬಂತು?

ಲೆಕ್ಕಿಗ: ನೂರು ಹೆಣ್ಣು ಹುಟ್ಟಿದರೆ ಸುಮಾರು 105 ಗಂಡು ಹುಟ್ಟುತ್ತವೆ. ಹೆರುವ ವಯಸ್ಸಿಗೆ ಮುಂಚೆಯೇ ತೀರಿಕೊಳ್ಳುವವರೂ ಇದ್ದಾರೆ. ಆ ಕೊರತೆ ತುಂಬಬೇಕು.

ನದಿತೀರ: ಮಕ್ಕಳ ಸಾವು ಜಾಸ್ತಿ ಇರುವ ದೇಶಗಳಿಗೆ 2.1 ಕೂಡ ಸಾಲದು. ಎಲ್ಲ ಕಡೆಗೂ ಒಂದೇ ಲೆಕ್ಕ ಹೇಳಬೇಡಿ.

ಲೆಕ್ಕಿಗ: ಎಲ್ಲ ಕಡೆ ಅಂತ ನಾನು ಎಲ್ಲಿ ಹೇಳಿದೆ? ಮಾತು ಹಂಗೇರಿಯದು! ಓದಿ ಬರೆಯಿರಿ.

ನದಿತೀರ: ಓದಿಯೇ ಬರೆದೆ. ನೀವು ದೇಶದ ಹೆಸರೇ ಹಾಕಿಲ್ಲ.

ಬೆಳ್ಳಿಗೆರೆ: ಸುಮ್ನೆ ದಶಾಂಶ ಹಿಡಿದುಕೊಂಡು ಜಗಳ ಯಾಕೆ?

ಲೆಕ್ಕಿಗ: ಸುಮ್ನೆ ಅಲ್ಲ. ನೂರು ಹೆಂಗಸರಿಗೆ ಹತ್ತು ಮಕ್ಕಳ ವ್ಯತ್ಯಾಸ ಅದು.

ದೀಪಸ್ತಂಭ: ಹೌದು, ದಶಾಂಶವೂ ಮುಖ್ಯ. ಕೊರಿಯಾ 2024ರಲ್ಲಿ 0.75ಕ್ಕೆ ಏರಿತು. ಹಣ ಕೆಲಸ ಮಾಡಿತು ಅಂತಾಯ್ತು.

ನದಿತೀರ: ಕೋವಿಡ್‌ನಲ್ಲಿ ಮುಂದೂಡಿದ ಮದುವೆಗಳು ಆಮೇಲೆ ನಡೆದವು. ಅದನ್ನು ಬಿಟ್ಟುಬಿಟ್ಟಿರಿ.

ಇಬ್ಬರ ಅಮ್ಮ: ವಯಸ್ಸಾದವರನ್ನು "ಯಾರು ನೋಡಿಕೊಳ್ಳುತ್ತಾರೆ" ಅಂತ ಕೇಳಿದಿರಿ. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಒಬ್ಬರೂ ಕೇಳಲಿಲ್ಲ. ಎರಡನೇ ಹೆರಿಗೆ ರಜೆ ಮುಗಿಸಿ ಹೋದಾಗ ನನ್ನ ಕೆಲಸ ಬೇರೆಯವರ ಕೈಯಲ್ಲಿತ್ತು. ದೇಶಕ್ಕೆ ಮಕ್ಕಳು ಬೇಕು ಅಂತ ಹೊರಟಾಗ ಏನಾಗುತ್ತದೆ ಗೊತ್ತಾ? ರೊಮೇನಿಯಾ 1966ರಲ್ಲಿ ಗರ್ಭಪಾತ ನಿಷೇಧಿಸಿತು. ಮರುವರ್ಷ ಹುಟ್ಟಿದ ಮಕ್ಕಳು ಹೆಚ್ಚುಕಡಿಮೆ ದುಪ್ಪಟ್ಟು. ಆಮೇಲೆ ಅದೂ ಇಳಿಯಿತು. ಕದ್ದು ಗರ್ಭ ತೆಗೆಸಿಕೊಳ್ಳಲು ಹೋಗಿ ಸಾವಿರಾರು ಹೆಂಗಸರು ಸತ್ತರು.

ದೀಪಸ್ತಂಭ: ನಿಷೇಧ ಅಂದೆನಾ ನಾನು? ಹಣ ಅಂದೆ. ನನ್ನ ಬಾಯಲ್ಲಿ ಇಲ್ಲದ ಮಾತು ಹಾಕಬೇಡಿ.

ಇಬ್ಬರ ಅಮ್ಮ: ಸರಿ, ಹಣವೇ ಇರಲಿ. ಅದರಲ್ಲಿ ಶಿಶುವಿಹಾರ ಕಟ್ಟಿಸಿ. ಅಪ್ಪಂದಿರಿಗೂ ರಜೆ ಕೊಡಿಸಿ.

ಬೆಳ್ಳಿಗೆರೆ: ಫಿನ್ಲೆಂಡ್ ಇವೆರಡನ್ನೂ ಕೊಟ್ಟಿದೆ. 2023ರಲ್ಲಿ ಅದರ ದರ 1.26. ಅದಕ್ಕೇನಂತೀರಿ?

ಇಬ್ಬರ ಅಮ್ಮ: ಅದಕ್ಕೆ? ಕೊಡಲೇಬಾರದಾ? ನಾನು ಕೆಲಸ ಹೋಯ್ತು ಅಂತಿದ್ದೇನೆ, ನೀವು ಫಿನ್ಲೆಂಡ್ ಅಂತೀರಿ.

ಲೆಕ್ಕಿಗ: 1.26 ಸರಿಯಾಗಿದೆ. 2.1ರ ಮಾತು ಮಾತ್ರ ಬೆಳ್ಳಿಗೆರೆ ಇನ್ನೂ ಒಪ್ಪಿಲ್ಲ.