ಅಟ್ಟದಲ್ಲಿ ಅಜ್ಜನ ಗ್ರಾಮಫೋನ್ ಪ್ಲೇಟು ಸಿಕ್ಕಿವೆ, ಪ್ಲೇಯರ್ ಕೊಳ್ಳಲೇ? ಅನುಭವ ಇದ್ದವರು ಹೇಳಿ

ಕೇಳಿದವರು (ವಿದ್ಯಾನಗರ, ದಾವಣಗೆರೆ): ಒಟ್ಟು 40 ಪ್ಲೇಟು ಇವೆ. ಅರ್ಧ 78ರವು (ನಿಮಿಷಕ್ಕೆ 78 ಸುತ್ತು ತಿರುಗುವ ಹಳೇವು), ಉಳಿದವು ಎಲ್‌ಪಿ (ನಿಧಾನ ತಿರುಗಿ ಹೆಚ್ಚು ಹಾಡು ಹಿಡಿಯುವವು). 6,000 ರೂಪಾಯಿಯ ಸೂಟ್‌ಕೇಸ್ ಪ್ಲೇಯರ್ ಸಾಕಾ?

ದುರ್ಗದ ಮೇಷ್ಟ್ರು: ನಾನೂ ಹೀಗೇ ಸಿಕ್ಕಿಬಿದ್ದಿದ್ದು. ಗುಜರಿಯಲ್ಲಿ ಹಳೇ ಪ್ಲೇಯರ್‌ಗೆ 3,500 ಕೊಟ್ಟೆ. ಬೆಲ್ಟ್ 450. ಪ್ಲೇಟಿನ ಮೇಲೆ ಓಡುವ ಮುಳ್ಳು 1,200, ಬಂದದ್ದು ಬೇರೆ ಮಾಡೆಲ್‌ನದು. ವಾಪಸ್ ಕಳಿಸಲು ಕೊರಿಯರ್ 180, ಅವರು ತೆಗೆದುಕೊಳ್ಳಲಿಲ್ಲ. ಇನ್ನೊಂದು ಮುಳ್ಳು 1,400. ಗುಂಯ್ ಅನ್ನುವ ಸದ್ದು ಹೋಗಲಿ ಅಂತ ಎರಡು ಸಲ ಬೆಂಗಳೂರಿಗೆ ಹೊತ್ತುಕೊಂಡು ಹೋದೆ. ಕೊನೆಗೆ ನೋಡಿದರೆ ಅರ್ತ್ ತಂತಿಯನ್ನೇ ಸಿಕ್ಕಿಸಿರಲಿಲ್ಲ! 11,000 ದಾಟಿತು. ಮನೆಯಲ್ಲಿ ಹೇಳಿದ್ದು 5,000. ಆದರೂ ಮುಳ್ಳು ಇಳಿದು, ಹಾಡು ಶುರುವಾಗುವ ಮೊದಲು ಚರಚರ ಅನ್ನುತ್ತದಲ್ಲ, ಅದಕ್ಕೆ ಈಗಲೂ ಮೈ ಜುಮ್ ಅನ್ನುತ್ತದೆ.

ಹಳೇಪೇಟೆ ಹುಡುಗ: 78ಕ್ಕೆ ಎಲ್‌ಪಿ ಮುಳ್ಳು ಹಾಕಬೇಡಿ. ಅದರ ಗೆರೆ ಅಗಲ, ದಪ್ಪ ಮುಳ್ಳೇ ಬೇಕು. ಸ್ಪಿರಿಟ್‌ನಲ್ಲಂತೂ ಒರೆಸಲೇಬೇಡಿ. ಆ ಪ್ಲೇಟು ಅರಗಿನದು, ಸ್ಪಿರಿಟ್‌ಗೆ ಕರಗುತ್ತದೆ. ನಾನು ಕಾಳಿಂಗರಾಯರ ಪ್ಲೇಟು ಒರೆಸಿದೆ. ಹತ್ತಿಗೆ ಕಪ್ಪು ಬಂತು. ಕೊಳೆ ಅಂದುಕೊಂಡು ಇನ್ನೂ ಜೋರಾಗಿ ಉಜ್ಜಿದೆ. ಮೂರು ಪ್ಲೇಟು ಹಾಗೇ ಹೋದವು. ಒಂದು ಮಗ್ಗುಲಿಗೆ ಮೂರೇ ನಿಮಿಷದ ಹಾಡು, ಅದನ್ನೂ ನಾನೇ ಒರೆಸಿ ಹಾಕಿದೆ.

ಪೆನ್‌ಡ್ರೈವ್ ಪಾರ್ಟಿ: 2016ರಲ್ಲಿ 60 ಎಲ್‌ಪಿ ಕೆಜಿ ಲೆಕ್ಕದಲ್ಲಿ ಕೊಟ್ಟುಬಿಟ್ಟೆ. ಫೋನಿನಲ್ಲಿ ಎಲ್ಲ ಸಿಗುತ್ತದೆ. ನೆಮ್ಮದಿಯಾಗಿದ್ದೇನೆ.

ದುರ್ಗದ ಮೇಷ್ಟ್ರು: ನೆಮ್ಮದಿ ಇದ್ದವರು ಪ್ಲೇಟಿನ ಮಾತು ಬಂದಾಗಲೆಲ್ಲ ಯಾಕೆ ಓಡಿ ಬರುತ್ತೀರಿ?

ಪೆನ್‌ಡ್ರೈವ್ ಪಾರ್ಟಿ: ಸುಮ್ನೆ ಕೊಟ್ಟೆನಾ ಸಾರ್? ಏಪ್ರಿಲ್‌ನಲ್ಲಿ ಶೀಟಿನ ಮಾಡಿನ ಕೆಳಗೆ ಒಂದರ ಮೇಲೊಂದು ಪೇರಿಸಿಟ್ಟಿದ್ದೆ. 22 ಎಲ್‌ಪಿ ಹಪ್ಪಳದ ಹಾಗೆ ಡೊಂಕಾದವು. ಎರಡು ಗಾಜಿನ ನಡುವೆ ಇಟ್ಟು ಬಿಸಿಲಿಗೆ ಹಾಕಿ, ನೆಟ್ಟಗಾಗುತ್ತವೆ ಅಂದವರು ಯಾರು? ನೀವೇ! ಇದ್ದ ಗೆರೆಯೂ ಹೋಯಿತು.

ದುರ್ಗದ ಮೇಷ್ಟ್ರು: ನಾನು ಹೇಳಿದ್ದು ಬೆಳಗಿನ ಬಿಸಿಲು, 10 ನಿಮಿಷ. ನೀವು ದಾವಣಗೆರೆಯ ಮಟಮಟ ಮಧ್ಯಾಹ್ನಕ್ಕೆ ಇಟ್ಟು ಮಿರ್ಚಿ ಮಂಡಕ್ಕಿಗೆ ಹೋದಿರಿ.

ಹಳೇಪೇಟೆ ಹುಡುಗ: ದುರ್ಗದ ಬಿಸಿಲೇನು ಕಡಿಮೆಯಾ? ಮಧ್ಯಾಹ್ನ ಕೋಟೆಯ ಕಲ್ಲು ಮುಟ್ಟಿ ನೋಡಿ. ಅದಿರಲಿ, ನೀವು ಒಯ್ದ ನನ್ನ ಎಲ್‌ಪಿ ಎಲ್ಲಿ ಮೇಷ್ಟ್ರೇ? ವಾಪಸ್ ಬಂದ ಕವರಿನೊಳಗೆ ಬೇರೆ ಪ್ಲೇಟು ಇದೆ.

ದುರ್ಗದ ಮೇಷ್ಟ್ರು: ನೀವು ಕೊಟ್ಟಾಗಲೂ ಅದೇ ಇತ್ತು.